ಕಣದಲ್ಲಿ ಕಟ್ಟಿದ ಹಸಿರು ಚಪ್ಪರ: ತಂಗಿ ಮದುವೆಗೆ 40 ದಿನ ಮಾಡಿದ ಕೆಲಸ

ತಂಗಿಗೆ ಗಂಡು ಗೊತ್ತಾದ ಸಂಜೆ ಮನೆಯಲ್ಲಿ ಎಲ್ಲರೂ ಛತ್ರದ ಲೆಕ್ಕ ಹಾಕುತ್ತಿದ್ದರು. ಮಂಡ್ಯದಲ್ಲಿ ಎರಡು ನೋಡಿ ಬಂದಿದ್ದರು, ಶ್ರೀರಂಗಪಟ್ಟಣದ ರಸ್ತೆಯಲ್ಲಿ ಒಂದು. ಹಿತ್ತಲಲ್ಲಿ ಲೋಟ ತೊಳೆಯುತ್ತಿದ್ದ ತಂಗಿ ನನ್ನನ್ನು ಕರೆದು ಮೆಲ್ಲಗೆ ಹೇಳಿದಳು: "ಅಕ್ಕ, ನಮ್ಮ ಕಣದಲ್ಲೇ ಧಾರೆ ಆಗ್ಲಿ ಕಣಕ್ಕ. ಚಪ್ಪರ ನೀನೇ ಕಟ್ಟು."

ನಾನು ಸಿವಿಲ್ ಡಿಪ್ಲೊಮಾ ಓದಿ ಮೈಸೂರಿನಲ್ಲಿ ಕಟ್ಟಡದ ನಕ್ಷೆ ಬರೆಯುವ ಕೆಲಸ ಮಾಡುತ್ತೇನೆ. ಕಂಬಿ, ಸಿಮೆಂಟು ಗೊತ್ತು. ಸರ್ವೆ ಕಂಬಕ್ಕೆ ತೆಂಗಿನ ಹುರಿ ಸುತ್ತಿ ಕಟ್ಟಿದ್ದು ಇದೇ ಮೊದಲು. ಊರು ಪಾಂಡವಪುರದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ ಗದ್ದೆಗಳ ನಡುವೆ. ಮುಹೂರ್ತ ಮೇ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ 10 ಗಂಟೆ ಹೊತ್ತಿಗೆ. ಅಂದರೆ ಭರಣಿ ಮಳೆಯ ಕಾಲ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅಂತಾರೆ. ರೈತರಿಗೆ ಅದು ವರ. ಚಪ್ಪರ ಕಟ್ಟುವವರು ಮಾತ್ರ ಆಕಾಶ ನೋಡಿಕೊಂಡೇ ಕೆಲಸ ಮಾಡಬೇಕು, ಯಾಕಂದರೆ ಆ ಮಳೆ ಬರುವಾಗ ಗಾಳಿಯನ್ನೂ ಕರೆದುಕೊಂಡು ಬರುತ್ತದೆ.

ಇದೇ ಥರ ಮನೆ ಮುಂದೆ ಕಟ್ಟಬೇಕು ಅನ್ನುವವರಿಗೆ ಉಪಯೋಗ ಆಗಲಿ ಅಂತ ದಿನದಿನದ ಕೆಲಸ ಬರೆದಿಟ್ಟಿದ್ದೇನೆ.

40 ದಿನ ಇರುವಾಗ

ಮೊದಲು ಜಾಗ. ಕಣ ಮನೆಯ ಮುಂದೆಯೇ ಇದೆ. ಒಂದು ಕಡೆ ಮನೆ ಗೋಡೆ, ಎದುರು ಕಡೆ ಬಯಲು, ಅದರಾಚೆ ಕೆರೆ. ಚಪ್ಪರ 32 ಅಡಿ ಉದ್ದ, 20 ಅಡಿ ಅಗಲ ಅಂತ ಗೊತ್ತು ಮಾಡಿದೆವು. ನೆಲದ ಮೇಲೆ ಜಮಖಾನ ಹಾಸಿ ಕೂತರೆ ಧಾರೆ ನೋಡಲು ನೂರು ಜನಕ್ಕೆ ಜಾಗ ಆಗುತ್ತದೆ. ಊಟ ತೆಂಗಿನ ತೋಟದ ನೆರಳಲ್ಲಿ. ಹಾಗಾಗಿ ಚಪ್ಪರ ಇದಕ್ಕಿಂತ ದೊಡ್ಡದು ಬೇಕಿರಲಿಲ್ಲ. ದೊಡ್ಡದು ಮಾಡಿದಷ್ಟೂ ಗಾಳಿ ಜಾಸ್ತಿ ಹಿಡಿಯುತ್ತದೆ.

ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಎಳೆದೆ. ಮೂಲೆ ಸರಿಯಾಗಿದೆಯಾ ಅಂತ ನೋಡುವುದು ಸುಲಭ. ಎದುರುಬದುರು ಮೂಲೆಗಳ ನಡುವೆ ಟೇಪು ಹಿಡಿದರೆ ಎರಡೂ ಕಡೆ 37 ಅಡಿ 9 ಇಂಚು ಬರಬೇಕು. ನನಗೆ ಒಂದು ಕಡೆ 38 ಅಡಿ 2 ಇಂಚು ಬಂತು. ಒಂದು ಗೂಟ ಸರಿಸಿದ ಮೇಲೆ ಸರಿಹೋಯಿತು. ಈ ಕೆಲಸಕ್ಕೆ 10 ನಿಮಿಷ ಸಾಕು. ಬಿಟ್ಟರೆ ಆಮೇಲೆ ಚಪ್ಪರದ ಮೇಲೆ ಅಡ್ಡ ಹಾಕುವ ದಬ್ಬೆ ಒಂದೂ ಸರಿಯಾಗಿ ಕೂರುವುದಿಲ್ಲ.

ಕಂಬ ಮೂರು ಸಾಲು. ಉದ್ದಕ್ಕೆ 8 ಅಡಿಗೊಂದು, ಅಗಲಕ್ಕೆ 10 ಅಡಿಗೊಂದು. ಲೆಕ್ಕಕ್ಕೆ 15 ಕಂಬ. ಆದರೆ ಹಸೆಮಣೆ ಪೂರ್ವದ ತುದಿಯಲ್ಲಿ. ನಡು ಸಾಲಿನ ಎರಡನೇ ಕಂಬ ಸರಿಯಾಗಿ ಮದುಮಕ್ಕಳ ಮುಖಕ್ಕೆ ಅಡ್ಡ ಬರುತ್ತಿತ್ತು. ಹಿಂದೆ ಕೂತ ಅಜ್ಜಿಯರಿಗೆ ಧಾರೆ ಕಾಣದಿದ್ದರೆ ಮನೆ ಮುಂದೆ ಮದುವೆ ಮಾಡಿ ಏನು ಪ್ರಯೋಜನ? ಆ ಕಂಬ ಬಿಟ್ಟೆವು. ಅಲ್ಲಿ 16 ಅಡಿ ಸಂದಿಗೆ ಎರಡು ಬಿದಿರು ಜೋಡಿಸಿ ಕಟ್ಟುವುದು ಅಂತ ನಕ್ಷೆಯಲ್ಲಿ ಬರೆದುಕೊಂಡೆ. ಒಟ್ಟು 14 ಕಂಬ ಆಯಿತು.

ಹಳೆಯ ಚಪ್ಪರಗಳು ಸಾಮಾನ್ಯವಾಗಿ ಮಟ್ಟಸ ಇರುತ್ತವೆ. ನಮ್ಮದು ಮಳೆ ಕಾಲದ್ದು. ಆದ್ದರಿಂದ ನಡು ಸಾಲು 11 ಅಡಿ, ಪಕ್ಕದ ಸಾಲು 9 ಅಡಿ. ನೆಲದೊಳಗೆ ಎಲ್ಲಕ್ಕೂ 2 ಅಡಿ.

30 ದಿನ: ಹಸೆಮಣೆ

ಅಟ್ಟದ ಮೇಲೆ ಎರಡು ಹಳೆಯ ಹಸೆಮಣೆ ಇದ್ದವು. ನಮ್ಮಜ್ಜಿ ಮದುವೆಯಲ್ಲಿ ಕೂತದ್ದು ಅಂತ ಅವ್ವ ಹೇಳುತ್ತಾಳೆ. ಮೇಲೆ ಹೊಗೆ, ಎಣ್ಣೆ, ಅರಿಶಿನ ಎಲ್ಲ ಸೇರಿ ಕಪ್ಪಗೆ ಗಟ್ಟಿ ಪದರ ಕಟ್ಟಿತ್ತು. ಒಂದರ ಕಾಲು ಮುರಿದಿತ್ತು. ಇನ್ನೊಂದಕ್ಕೆ ಕುಟ್ಟೆ ಹುಳು ಬಿದ್ದು ಸಣ್ಣ ಸಣ್ಣ ತೂತು.

ಮೊದಲು ಎರಡು ದಿನ ಬಿಸಿಲಿಗಿಟ್ಟೆ. ಆಮೇಲೆ 60 ನಂಬರಿನ ಉಪ್ಪುಕಾಗದ ಹಿಡಿದು ಮರದ ಎಳೆಯ ಉದ್ದಕ್ಕೆ ಉಜ್ಜತೊಡಗಿದೆ. ಹತ್ತು ನಿಮಿಷ ಬರೀ ಕಪ್ಪು ಪುಡಿ. ಆಮೇಲೆ ಕಂದು. ಆಮೇಲೆ ಒಂದು ಮೂಲೆಯಲ್ಲಿ ಹಳದಿ ಇಣುಕಿತು. ಹಲಸಿನ ಮರ! ಬೆರಳು ಒದ್ದೆ ಮಾಡಿ ಒರೆಸಿದರೆ ಜೇನಿನ ಬಣ್ಣ. ಅವ್ವನನ್ನು ಕೂಗಿ ಕರೆದೆ. ಅವಳು ಬಂದು ಅಲ್ಲೇ ಕುಕ್ಕರಗಾಲಲ್ಲಿ ಕೂತು ಆ ಹಳದಿಯ ಮೇಲೆ ಅಂಗೈ ಇಟ್ಟುಕೊಂಡಳು. ಏನೂ ಮಾತಾಡಲಿಲ್ಲ.

60 ಆದ ಮೇಲೆ 120, ಕೊನೆಗೆ 220. ಉಜ್ಜಿದ ಪುಡಿಯನ್ನು ಬಿಸಾಡಲಿಲ್ಲ. ಅದನ್ನೇ ಫೆವಿಕಾಲಿಗೆ ಕಲಸಿ ಹುಳುವಿನ ತೂತುಗಳಿಗೆ ತುಂಬಿದೆ. ಬಣ್ಣ ಅದೇ ಮರದ್ದಾದ್ದರಿಂದ ತೇಪೆ ಗೊತ್ತಾಗುವುದಿಲ್ಲ. ಮುರಿದ ಕಾಲಿಗೆ ಊರ ಆಚಾರಿಯವರು ಹಲಸಿನ ತುಂಡಿನಲ್ಲೇ ಹೊಸದು ಕಡೆದು, ಮೊಳೆ ಹೊಡೆಯದೆ, ಬಿದಿರ ಕಡ್ಡಿಯ ಬೆಣೆ ಕೊಟ್ಟು ಕೂರಿಸಿದರು.

ಎಣ್ಣೆ ಯಾವುದು ಅನ್ನುವುದು ಮುಖ್ಯ. ಹರಳೆಣ್ಣೆ ಹಚ್ಚು ಅಂತ ಎಲ್ಲರೂ ಹೇಳಿದರು. ಹರಳೆಣ್ಣೆ ಒಣಗುವುದಿಲ್ಲ, ಮೇಲೇ ಜಿಡ್ಡಾಗಿ ಕೂರುತ್ತದೆ. ರೇಷ್ಮೆ ಸೀರೆ ಉಟ್ಟು ಅದರ ಮೇಲೆ ಕೂತರೆ ಸೀರೆ ಹಾಳು. ಅಗಸೆ ಎಣ್ಣೆ ಮರದೊಳಗೆ ಇಳಿದು ಗಟ್ಟಿಯಾಗುತ್ತದೆ, ಆದರೆ ಅದಕ್ಕೆ ಟೈಮು ಬೇಕು. ತೆಳ್ಳಗೆ ಮೂರು ಸಲ ಬಳಿದು, ಒಂದೊಂದು ಸಲಕ್ಕೂ ನಾಲ್ಕೈದು ದಿನ ನೆರಳಲ್ಲಿ ಬಿಟ್ಟೆ. ಈ ಕೆಲಸ ತಿಂಗಳ ಮುಂಚೆಯೇ ಶುರು ಮಾಡಿದ್ದು ಅದಕ್ಕೇ. ಇನ್ನೊಂದು ವಿಷಯ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

20 ದಿನ: ಗರಿ, ಬಿದಿರು, ದಬ್ಬೆ

ನಮ್ಮ ತೋಟದಲ್ಲಿ 70 ತೆಂಗಿನ ಮರ ಇವೆ. ತೆಂಗಿನ ಮರ ತಿಂಗಳಿಗೆ ಹೆಚ್ಚೂ ಕಡಿಮೆ ಒಂದು ಹೊಸ ಗರಿ ಬಿಡುತ್ತದೆ. ಕೆಳಗಿನ ಹಳೆಯ ಗರಿ ಒಂದೋ ಎರಡೋ ತೆಗೆದರೆ ಮರಕ್ಕೆ ಏನೂ ಆಗುವುದಿಲ್ಲ. ಸುಳಿಯ ಹತ್ತಿರದ ಹಸಿ ಗರಿ ಕಡಿದರೆ ಫಸಲಿಗೆ ಪೆಟ್ಟು. ಮರ ಹತ್ತುವವರಿಗೆ ಇದನ್ನು ಕೆಳಗೆ ನಿಂತು ಹೇಳುತ್ತಲೇ ಇರಬೇಕು. ಒಟ್ಟು 90 ಗರಿ ಇಳಿಸಿದೆವು.

ಗರಿಯ ದಿಂಡನ್ನು ಮಚ್ಚಿನಿಂದ ಉದ್ದಕ್ಕೆ ಸೀಳಿ ಎರಡು ಭಾಗ ಮಾಡಿ, ಕೆರೆಯಲ್ಲಿ ಕಲ್ಲು ಹೇರಿ ಮೂರು ದಿನ ನೆನೆಹಾಕಿದೆವು. ನೆನೆದ ಗರಿ ಹೆಣೆಯುವಾಗ ಸೀಳುವುದಿಲ್ಲ, ಹುಳುವೂ ಬೇಗ ಹತ್ತುವುದಿಲ್ಲ. ಹೆಣೆದದ್ದು ಕೇರಿಯ ಹೆಂಗಸರು. ಮಧ್ಯಾಹ್ನ ಊಟ ಆದ ಮೇಲೆ ಹೊಂಗೆ ಮರದ ಕೆಳಗೆ ಕೂತು, ಒಂದು ಎಲೆ ಮೇಲೆ, ಒಂದು ಎಲೆ ಕೆಳಗೆ, ಮಾತಾಡುತ್ತಲೇ ನಾಲ್ಕು ದಿನದಲ್ಲಿ ಮುಗಿಸಿದರು. ಎಲ್ಲರಿಗೂ ಕೂಲಿ ಕೊಟ್ಟೆವು. ಮದುವೆ ಮನೆ ಕೆಲಸ ಅಂತ ಸುಮ್ನೆ ಮಾಡಿಸಿಕೊಳ್ಳುವುದು ನನಗೆ ಸರಿ ಅನ್ನಿಸುವುದಿಲ್ಲ.

ಸರ್ವೆ ಕಂಬ ಮತ್ತು ಬಿದಿರು ಮಾವನ ಊರಿನಿಂದ ಬಂದವು. ಕಂಬ ಎರವಲು, ಮದುವೆ ಆದ ಮೇಲೆ ವಾಪಸು. 18 ಅಡಿಯ ಬಿದಿರು ಎರಡನ್ನು 4 ಅಡಿ ಒಂದರ ಮೇಲೊಂದು ಬರುವಂತೆ ಜೋಡಿಸಿದರೆ ಸರಿಯಾಗಿ 32 ಅಡಿ. ಮೇಲಿನ ಅಡ್ಡಪಟ್ಟಿಗೆ ಅಡಿಕೆ ದಬ್ಬೆ. ಫಲ ನಿಂತ ಅಡಿಕೆ ಮರ ಸೀಳಿದರೆ ಬರುವ ದಬ್ಬೆ ಹಗುರ, ನೆಟ್ಟಗೆ, ಬಾಗಿದರೂ ಬೇಗ ಮುರಿಯುವುದಿಲ್ಲ.

ಇದೇ ವಾರ ಹೂವಿನ ಪರೀಕ್ಷೆಯನ್ನೂ ಮಾಡಿದೆ. ತಂಗಿಗೆ ಮೈಸೂರು ಮಲ್ಲಿಗೆಯೇ ಬೇಕು. ಅದರ ಸುಗ್ಗಿ ಬೇಸಿಗೆಯಲ್ಲೇ, ಹೂವಿಗೆ ಕೊರತೆ ಇಲ್ಲ. ತೊಂದರೆ ಇರುವುದು ಹೊತ್ತಿನದು. ಮೊಗ್ಗನ್ನು ಬೆಳಗಿನ ಜಾವ ಕೊಯ್ಯುತ್ತಾರೆ, ಸಂಜೆಗೆ ಅದು ಅರಳುತ್ತದೆ. ಶನಿವಾರದ ಮೊಗ್ಗು ಶನಿವಾರ ರಾತ್ರಿಯೇ ಅರಳಿ, ಭಾನುವಾರ ಧಾರೆ ಹೊತ್ತಿಗೆ ಬಾಡಿರುತ್ತದೆ. ಭಾನುವಾರದ್ದು ಇನ್ನೂ ಬಿಗಿ ಮೊಗ್ಗು. ದೇವರಾಜ ಮಾರುಕಟ್ಟೆಯಿಂದ ಮೂರು ಮಾರು ಹೂವು ತಂದು ಮೂರು ಥರ ಇಟ್ಟೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟದ್ದು ಬೆವೆತು ಬೆಳಿಗ್ಗೆ ಕಂದು ತಿರುಗಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು ರಾತ್ರಿಯೇ ಅರಳಿತು. ಬಾಳೆ ಎಲೆಯಲ್ಲಿ ಸುತ್ತಿ, ಒದ್ದೆ ಮರಳು ಹಾಕಿದ ಮಣ್ಣಿನ ಮಡಕೆಯೊಳಗೆ ಇಟ್ಟು ಬಾಯಿಗೆ ಬಟ್ಟೆ ಕಟ್ಟಿದ್ದು ಮಾತ್ರ ಬೆಳಿಗ್ಗೆ 9 ಗಂಟೆಗೆ ಅರ್ಧ ಬಿರಿದು ನಿಂತಿತ್ತು. ಅದೇ ಬೇಕಾಗಿದ್ದು.

9 ದಿನ: ಹಾಲುಗಂಬ

ನಮ್ಮ ಮನೆಯಲ್ಲಿ ಮೊದಲ ಕಂಬ ನೆಡುವುದು ಸೋದರಮಾವ. ಈಶಾನ್ಯ ಮೂಲೆ. ಅತ್ತಿ ಮರದ ಕೊಂಬೆಯನ್ನು ಮಾವನೇ ಕಡಿದು ಹೆಗಲ ಮೇಲೆ ಹೊತ್ತು ತಂದರು. ಕಚ್ಚು ಹಾಕಿದರೆ ಹಾಲು ಬರುವ ಮರ ಅದು. ಕಂಬಕ್ಕೆ ಅರಿಶಿನದ ಬಟ್ಟೆಯಲ್ಲಿ ನವಧಾನ್ಯ ಕಟ್ಟಿ, ಗುಂಡಿಗೆ ಹಾಲು ತುಪ್ಪ ಎರೆದು, ಅತ್ತೆ ಐದು ಜನ ಮುತ್ತೈದೆಯರ ಜೊತೆ ಸೋಬಾನೆ ಹಾಡಿದರು. ನನ್ನ ನಕ್ಷೆಯಲ್ಲಿ ಅದು ಒಂದನೇ ನಂಬರಿನ ಕಂಬ. ಮಾವ ಹಾರೆ ಹಿಡಿದು ಮಣ್ಣು ಗುದ್ದುವಾಗ ತಂಗಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಆ ದಿನದಿಂದ ಅವಳು ಮದುವಣಗಿತ್ತಿ.

8ರಿಂದ 5 ದಿನ: ಕಟ್ಟು

ಊರಲ್ಲಿ ಚಪ್ಪರ ಕಟ್ಟುವ ಕೈ ಈಗ ಉಳಿದಿರುವುದು ಒಬ್ಬ ತಾತನದು. ಮೇಲೆ ಹತ್ತಲು ಆಗುವುದಿಲ್ಲ. ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಟ್ಟರು. ನಾನು, ಚಿಕ್ಕಪ್ಪ, ಚಿಕ್ಕಪ್ಪನ ಇಬ್ಬರು ಮಕ್ಕಳು ಕೆಲಸಕ್ಕೆ.

ಹುರಿಯನ್ನು ಮೊದಲು ಬಕೀಟಿನಲ್ಲಿ ನೆನೆಸಬೇಕು. ಒಣ ಹುರಿ ಕೈಗೆ ಚುಚ್ಚುತ್ತದೆ, ಬಗ್ಗುವುದಿಲ್ಲ. ನೆನೆದದ್ದು ಬಿದಿರಿಗೆ ಅಂಟಿದ ಹಾಗೆ ಕೂರುತ್ತದೆ. ಕಂಬಕ್ಕೆ ಅಡ್ಡ ಬಿದಿರು ಕಟ್ಟುವ ಕ್ರಮ ಹೀಗೆ. ಮೊದಲು ಕಂಬಕ್ಕೆ ಒಂದು ಗಂಟು. ಆಮೇಲೆ ಬಿದಿರಿನ ಮೇಲಿಂದ, ಕಂಬದ ಹಿಂದಿನಿಂದ, ಬಿದಿರಿನ ಕೆಳಗಿನಿಂದ ಅಂತ ನಾಲ್ಕು ಸುತ್ತು. ಒಂದೊಂದು ಸುತ್ತಿಗೂ ಕಾಲು ಕೊಟ್ಟು ಎಳೆಯಬೇಕು. ಇಷ್ಟಕ್ಕೇ ಗಂಟು ಹಾಕಿದರೆ ಅದು ಅರ್ಧ ಕೆಲಸ. ಈಗ ಹುರಿಯನ್ನು ತಿರುಗಿಸಿ, ಕಂಬಕ್ಕೂ ಬಿದಿರಿಗೂ ನಡುವೆ ತೂರಿಸಿ, ಹಾಕಿದ ಸುತ್ತುಗಳ ಮೇಲೇ ಅಡ್ಡಲಾಗಿ ಎರಡು ಸುತ್ತು ಬಿಗಿಯಬೇಕು. ಆಗ ಕರ್ ಅಂತ ಸದ್ದು ಬರುತ್ತದೆ. ಆ ಸದ್ದು ಬಂದರೆ ತಾತ ತಲೆ ಆಡಿಸುತ್ತಿದ್ದರು. ಬರದಿದ್ದರೆ "ಬಿಚ್ಚು" ಅನ್ನುತ್ತಿದ್ದರು. ಮೊದಲ ದಿನ ನಾನು ಒಂಬತ್ತು ಸಲ ಬಿಚ್ಚಿದೆ.

ಮೂಲೆಗಳಿಗೆ ಕತ್ತರಿ ಹಾಕಿದ್ದು ನನ್ನ ಹಟ. ಕಂಬದ ನಡುವಿನಿಂದ ಮೇಲಿನ ಬಿದಿರಿಗೆ ಓರೆಯಾಗಿ ಒಂದು ದಬ್ಬೆ ಕಟ್ಟಿದರೆ ಮುಕ್ಕೋನ ಆಗುತ್ತದೆ. ಮುಕ್ಕೋನ ವಾಲುವುದಿಲ್ಲ. ತಾತ ಅದನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ ಒಪ್ಪಿದರು.

ಮದುವೆಗೆ ಐದು ದಿನ ಇರುವಾಗ ಹುರಿ ಮುಗಿಯಿತು. ಆರು ಕಟ್ಟು ಬಾಕಿ ಇತ್ತು. ಕೊಟ್ಟಿಗೆಯಲ್ಲಿ ನೈಲಾನ್ ಹಗ್ಗ ಇತ್ತು. ತಾತ ಆಗ ಊಟಕ್ಕೆ ಹೋಗಿದ್ದರು. ನೈಲಾನು ಗಟ್ಟಿ ಅಲ್ವಾ ಅಂದುಕೊಂಡು ಅದರಲ್ಲೇ ಕಟ್ಟಿ ಮುಗಿಸಿದೆ. ಮೇಲೆ ಹೆಣೆದ ಗರಿ ಹಾಸಿ, ಮಳೆಗೆ ಅಂತ 36 ಅಡಿಯ ಒಂದೇ ಟಾರ್ಪಾಲು ಎಳೆದು ನಾಲ್ಕೂ ಕಡೆ ಬಿಗಿದೆವು. ಕೆಳಗಿನಿಂದ ನೋಡಿದರೆ ಗರಿ ಮಾತ್ರ ಕಾಣುತ್ತಿತ್ತು. ಚೆನ್ನಾಗಿತ್ತು.

3 ದಿನ: ಗಾಳಿ

ಗುರುವಾರ ಸಂಜೆ 4 ಗಂಟೆಗೆ ಕೆರೆ ಕಡೆ ಕಪ್ಪಾಯಿತು. ಮಳೆಗಿಂತ ಮೊದಲು ಗಾಳಿ ಬಂತು. ಕಣದ ಹೊಟ್ಟು, ಧೂಳು, ಒಣ ಎಲೆ ಎಲ್ಲ ಚಪ್ಪರದೊಳಗೆ ನುಗ್ಗಿದವು. ಟಾರ್ಪಾಲು ಉಬ್ಬಿತು. ಒಮ್ಮೆ ಉಸಿರು ಬಿಟ್ಟ ಹಾಗೆ ಇಳಿಯಿತು. ಮತ್ತೆ ಉಬ್ಬಿದಾಗ ಕೆರೆ ಕಡೆಯ ಎರಡು ಮೂಲೆಗಂಬ ನೆಲದಿಂದ ಮೇಲಕ್ಕೆ ಬಂದವು. ಗುಂಡಿಯ ಮಣ್ಣು ಬಾಯಿ ಬಿಟ್ಟದ್ದು ನನ್ನ ಕಣ್ಣಿಗೆ ಕಾಣುತ್ತಿತ್ತು. ನೆತ್ತಿಯ ಜೋಡಿ ಬಿದಿರು ಜಾರಿ ಒಂದು ಕಡೆ ವಾಲಿತು. ಚಿಕ್ಕಪ್ಪ ಕುಡುಗೋಲು ಹಿಡಿದು ಓಡಿ ಹೋಗಿ ಟಾರ್ಪಾಲಿನ ಹಗ್ಗ ಕಡಿದರು. ಅದು ಹಾರಿ ಹೋಗಿ ಹುಣಸೆ ಮರಕ್ಕೆ ಸಿಕ್ಕಿಕೊಂಡಿತು. ಚಪ್ಪರ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಅವ್ವ ದೇವರ ಮನೆಗೆ ಹೋದಳು. ತಂಗಿ ನನ್ನ ಪಕ್ಕ ಬಂದು ನಿಂತು ಕೈ ಹಿಡಿದುಕೊಂಡಳು. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಕಣದಲ್ಲಿ ನೂರು ಜನ ಕೂತಿದ್ದಾಗ ಹೀಗಾಗಿದ್ದರೆ ಅನ್ನುವುದೇ ತಲೆಯಲ್ಲಿ.

ಬೆಳಿಗ್ಗೆ ತಾತ ಬಂದು ಒಂದೊಂದು ಕಟ್ಟನ್ನೂ ನೋಡಿದರು. ಜಾರಿದ್ದು ನಾಲ್ಕು ಕಟ್ಟು. ನಾಲ್ಕೂ ನೈಲಾನಿನವು. ಬಿದಿರಿನ ಮೈ ನುಣುಪು, ನೈಲಾನೂ ನುಣುಪು, ಒಂದಕ್ಕೊಂದು ಹಿಡಿತವೇ ಇಲ್ಲ. ಹುರಿಯ ಕಟ್ಟು ಒಂದೂ ಅಲ್ಲಾಡಿರಲಿಲ್ಲ. ಇನ್ನೊಂದು ಕಾರಣ ಅವರು ಹೇಳಿದ್ದು: "ಆ ಕಡೆಯಿಂದ ಗಾಳಿ ನುಗ್ತದೆ. ಈ ಕಡೆ ಗೋಡೆ. ಮೇಲೆ ಟಾರ್ಪಾಲು ಮುಚ್ಬುಟ್ಟಿದ್ದೀಯ. ಅದು ಎಲ್ಲಿಗೆ ಹೋಗ್ಬೇಕು ಕಣವ್ವ?"

2 ದಿನ: ಮತ್ತೆ ಕಟ್ಟಿದ್ದು

ಶುಕ್ರವಾರ ನಾಲ್ಕು ಕೆಲಸ ಮಾಡಿದೆವು. ನನ್ನ ಮಟ್ಟಿಗೆ ಇಡೀ ಚಪ್ಪರದಲ್ಲಿ ಬೇರೆಯವರು ಗಮನಿಸಬೇಕಾದ್ದು ಇದೇ.

ಪಾಂಡವಪುರದಿಂದ ಹುರಿ ತಂದು ಆರೂ ನೈಲಾನ್ ಕಟ್ಟು ಬಿಚ್ಚಿ ಮತ್ತೆ ಕಟ್ಟಿದೆವು. ಜಾರದೆ ಉಳಿದಿದ್ದ ಎರಡನ್ನೂ ಬಿಡಲಿಲ್ಲ.

ಕಂಬದ ಗುಂಡಿಗಳಿಗೆ ಮೊದಲು ಬರೀ ಮಣ್ಣು ತುಂಬಿ ತುಳಿದಿದ್ದೆವು. ಈಗ ಹನ್ನೊಂದು ಇಂಚು ಮಣ್ಣು ತೆಗೆದು, ಸುತ್ತ ಜಲ್ಲಿ ಕಲ್ಲು ಹಾಕಿ, ನಾಲ್ಕು ಇಂಚಿಗೊಮ್ಮೆ ಮಣ್ಣು ಹಾಕಿ ನೀರು ಚಿಮುಕಿಸಿ ಹಾರೆಯ ಹಿಂಬದಿಯಿಂದ ಗುದ್ದಿದೆವು. ಎದ್ದು ಬಂದಿದ್ದ ಎರಡು ಕಂಬಕ್ಕೆ ಪೂರ್ತಿ ಗುಂಡಿಯನ್ನೇ ಹೊಸದಾಗಿ ಎರಡೂವರೆ ಅಡಿ ತೋಡಿದೆವು.

ಕಂಬ ಎಷ್ಟು ಗಟ್ಟಿ ಇದ್ದರೂ ಮೇಲಕ್ಕೆ ಎಳೆಯುವುದನ್ನು ತಡೆಯಲು ಬೇರೆ ಏನಾದರೂ ಬೇಕು. ಹಳೆಯ ತೆಂಗಿನ ಮರದ 3 ಅಡಿ ತುಂಡು ನಾಲ್ಕು ಕತ್ತರಿಸಿ, ನಡುವಿಗೆ ಹಗ್ಗ ಕಟ್ಟಿ, ಚಪ್ಪರದ ನಾಲ್ಕು ಮೂಲೆಯಿಂದ ಐದಾರು ಅಡಿ ಆಚೆ ಅಡ್ಡಡ್ಡ ಹೂತೆವು. ಎರಡೂವರೆ ಅಡಿ ಆಳ. ಹಗ್ಗವನ್ನು ಓರೆಯಾಗಿ ಮೇಲಿನ ಮೂಲೆಗೆ ಎಳೆದು ಬಿಗಿದೆವು. ಗಾಳಿ ಎತ್ತಬೇಕು ಅಂದರೆ ಈಗ ಆ ಮಣ್ಣನ್ನೂ ಎತ್ತಬೇಕು. ಹಗ್ಗಕ್ಕೆ ಮಕ್ಕಳು ಎಡವದ ಹಾಗೆ ಮಾವಿನ ಸೊಪ್ಪು ಸುತ್ತಿದೆವು.

ಕೊನೆಯದು ಟಾರ್ಪಾಲು. ಅದನ್ನು ಎರಡು ಭಾಗ ಮಾಡಿ, ನೆತ್ತಿಯ ಉದ್ದಕ್ಕೂ ಒಂದು ಅಡಿ ಸಂದಿ ಬಿಟ್ಟು ಹಾಸಿದೆವು. ಸಂದಿಯ ಮೇಲೆ ಅರ್ಧ ಅಡಿ ಎತ್ತರದಲ್ಲಿ ಹೆಣೆದ ಗರಿಯ ಒಂದು ಸಣ್ಣ ಮುಚ್ಚಿಗೆ. ಒಳಗೆ ನುಗ್ಗಿದ ಗಾಳಿ ಈಗ ನೆತ್ತಿಯಲ್ಲಿ ಹೊರಗೆ ಹೋಗುತ್ತದೆ. ಮಳೆ ನೇರ ಒಳಗೆ ಬೀಳುವುದಿಲ್ಲ. ಇನ್ನೊಂದು ಅನುಕೂಲ ಆಮೇಲೆ ಗೊತ್ತಾಯಿತು: ಹೋಮದ ಹೊಗೆ ಹೋಗಲೂ ದಾರಿ ಸಿಕ್ಕಿತು. ಹೋಮಕುಂಡವನ್ನು ಸರಿಯಾಗಿ ಆ ಸಂದಿಯ ಕೆಳಗೆ, ಇಟ್ಟಿಗೆ ಮರಳಿನ ಮೇಲೆ ಇಟ್ಟೆವು. ಅದರ ನೇರಕ್ಕೆ ಮೇಲಿದ್ದ ಮುಚ್ಚಿಗೆಯನ್ನೂ ಸುತ್ತಲ 4 ಅಡಿ ಗರಿಯನ್ನೂ ತೆಗೆದೆವು. ಪಕ್ಕದಲ್ಲಿ ಎರಡು ಡ್ರಮ್ಮು ನೀರು. ಗರಿ ಚಪ್ಪರದಲ್ಲಿ ಬೆಂಕಿ ಇಡುವವರು ಇದಕ್ಕೆ ಉದಾಸೀನ ಮಾಡಬಾರದು.

ಸಂಜೆ ತಾತ ಎದ್ದು ನಿಂತು ಮೂಲೆಗಂಬ ಹಿಡಿದು ಮೈಭಾರ ಹಾಕಿ ಜಗ್ಗಿದರು. ಅಲ್ಲಾಡಲಿಲ್ಲ. "ಈಗ ಸೊಪ್ಪು ಕಟ್ಟಿ" ಅಂದರು.

ಹಿಂದಿನ ದಿನ

ಏಪ್ರಿಲ್, ಮೇ ತಿಂಗಳಲ್ಲಿ ಹೊಂಗೆ ಹೊಸ ಎಲೆ ಬಿಟ್ಟು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿರುತ್ತದೆ. ಆದರೆ ಕೊಯ್ದ ಎರಡನೇ ದಿನಕ್ಕೆ ಸುರುಟುತ್ತದೆ. ಅದಕ್ಕೇ ಕೊನೆಯ ಸಂಜೆ ಕಟ್ಟಿದ್ದು. ದಬ್ಬೆಯ ಕೆಳಗೆ ಒತ್ತಾಗಿ, ಎಲೆ ಕೆಳಮುಖ ಬರುವ ಹಾಗೆ. ಕೆಲವು ಕೊಂಬೆಗಳಲ್ಲಿ ಹೂವೂ ಇತ್ತು. ರಾತ್ರಿಯೆಲ್ಲ ಸಣ್ಣ ತಿಳಿನೇರಳೆ ಹೂವು ನೆಲಕ್ಕೆ ಉದುರಿ, ಬೆಳಿಗ್ಗೆ ಸಗಣಿ ಸಾರಿಸಿದ ಕಣದ ಮೇಲೆ ಅಲ್ಲಲ್ಲಿ ಚೆಲ್ಲಿತ್ತು. ಅವ್ವ ಗುಡಿಸಲು ಬಿಡಲಿಲ್ಲ.

ಬಾಳೆಕಂಬವನ್ನು ಗೆಡ್ಡೆ ಸಮೇತ ಕಿತ್ತು ತಂದು ಬಾಗಿಲ ಎರಡೂ ಕಡೆ ನೆಟ್ಟೆವು. ಬುಡ ಕತ್ತರಿಸಿ ತಂದ ಕಂಬ ಮಧ್ಯಾಹ್ನದ ಹೊತ್ತಿಗೆ ಎಲೆ ಜೋಲು ಬಿಡುತ್ತದೆ, ಗೆಡ್ಡೆ ಇದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ತೆಂಗಿನ ಹೊಂಬಾಳೆ ಎರಡೇ ಕಡಿದೆವು. ಒಂದು ಹೊಂಬಾಳೆ ಅಂದರೆ ಒಂದು ಗೊನೆ ಕಾಯಿ. ಧಾರೆಯ ಕಲಶಕ್ಕೆ ಒಂದು, ಬಾಗಿಲಿಗೆ ಒಂದು, ಸಾಕು.

ತಾಂಬೂಲಕ್ಕೆ ತೆಂಗಿನಕಾಯಿ ತೋಟದ್ದು, ಎಲೆ ಮೈಸೂರು ವೀಳ್ಯದೆಲೆ, ಜೊತೆಗೆ ಒಂದು ಅಚ್ಚು ಬೆಲ್ಲ. ಬೆಲ್ಲ ನಮ್ಮ ಪಕ್ಕದ ಆಲೆಮನೆಯದು. ಬಿಳಿ ಮಾಡುವ ಪುಡಿ ಹಾಕದೆ, ಬೆಂಡೆ ಗಿಡದ ಲೋಳೆಯಲ್ಲೇ ಕೊಳೆ ತೆಗೆಸಿ ಮಾಡಿಸಿದ್ದು. ಬಣ್ಣ ಕಪ್ಪು, ರುಚಿ ಬೇರೆಯೇ. ಮೊದಲು ಪೇಪರಿನಲ್ಲಿ ಸುತ್ತಿದ್ದೆವು, ಸೆಕೆಗೆ ಬೆಲ್ಲ ಬೆವೆತು ಪೇಪರು ಅಂಟಿಕೊಂಡಿತು. ಒಣಗಿದ ಮುತ್ತುಗದ ಎಲೆಗೆ ಬದಲಾಯಿಸಿದ ಮೇಲೆ ತೊಂದರೆ ಆಗಲಿಲ್ಲ. ನಂಜನಗೂಡು ರಸಬಾಳೆಯೂ ತಾಂಬೂಲಕ್ಕೆ ಹಾಕಬೇಕು ಅಂತ ಆಸೆ ಇತ್ತು. ಸೊರಗು ರೋಗ ಬಿದ್ದ ಮೇಲೆ ಅದನ್ನು ಬೆಳೆಯುವವರು ಬಹಳ ಕಡಿಮೆ. ದೇವರಾಜ ಮಾರುಕಟ್ಟೆಯಲ್ಲಿ ಎರಡು ಚಿಪ್ಪು ಸಿಕ್ಕಿತು. ಅದು ತಂಗಿಯ ಮಡಿಲಕ್ಕಿಗೆ ಹೋಯಿತು.

ಮದುವೆ ದಿನ

ಬೆಳಿಗ್ಗೆ 9 ಗಂಟೆಗೆ ಮಡಕೆಯ ಬಾಯಿ ಬಿಚ್ಚಿದೆ. ಮಲ್ಲಿಗೆ ಅರ್ಧ ಬಿರಿದಿತ್ತು. ಹಾರ ಹಾಕಿಕೊಂಡು ಹಸೆಮಣೆಗೆ ಬರುವಷ್ಟರಲ್ಲಿ ಪೂರ್ತಿ ಅರಳಿ ಇಡೀ ಚಪ್ಪರಕ್ಕೆ ಘಮ ಹಬ್ಬಿತು. ಹೊರಗೆ ಕೆಂಡದಂಥ ಬಿಸಿಲು, ಹೊಂಗೆಯ ಕೆಳಗೆ ತಂಪು. ಧಾರೆ ಎರೆಯುವಾಗ ಹಿಂದಿನ ಸಾಲಿನ ಅಜ್ಜಿಯರು ಎದ್ದು ನಿಲ್ಲಲಿಲ್ಲ, ಕೂತಲ್ಲೇ ಎಲ್ಲ ಕಾಣುತ್ತಿತ್ತು. ನಾನು ಆ ಇಲ್ಲದ ಕಂಬದ ಜಾಗವನ್ನೇ ನೋಡುತ್ತಾ ನಿಂತಿದ್ದೆ.

ಊಟಕ್ಕೆ ಮಾವಿನಕಾಯಿ ಚಿತ್ರಾನ್ನ, ಹಲಸಿನಕಾಯಿ ಪಲ್ಯ, ಸೌತೆಕಾಯಿ ಕೋಸಂಬರಿ, ಆಲೆಮನೆ ಬೆಲ್ಲದ ಒಬ್ಬಟ್ಟು. ಆ ವಾರ ತೋಟದಲ್ಲೂ ಸಂತೆಯಲ್ಲೂ ಇದ್ದದ್ದೇ ಎಲೆ ಮೇಲೆ.

ಮಳೆ ಬಂದದ್ದು ಸೋಮವಾರ, ಬೀಗರೂಟದ ಹೊತ್ತಿಗೆ. ಗುರುವಾರದಷ್ಟೇ ಗಾಳಿ. ಚಪ್ಪರದೊಳಗೆ ಎಪ್ಪತ್ತು ಜನ ಮುದ್ದೆ ಊಟ ಮಾಡುತ್ತಿದ್ದರು. ಟಾರ್ಪಾಲು ಪಟಪಟ ಬಡಿದುಕೊಂಡಿತು, ಉಬ್ಬಲಿಲ್ಲ. ನಾನು ಕೆರೆ ಕಡೆಯ ಮೂಲೆಗಂಬಕ್ಕೆ ಅಂಗೈ ಒತ್ತಿ ನಿಂತೆ. ಕಂಬ ನಡುಗುತ್ತಿತ್ತು, ಬುಡದ ಮಣ್ಣು ಮಿಸುಕಲಿಲ್ಲ. ಹೋಮಕುಂಡದ ನೇರಕ್ಕೆ ತೆಗೆದ ಮುಚ್ಚಿಗೆಯನ್ನು ವಾಪಸು ಇಟ್ಟಿರಲಿಲ್ಲ, ಅಲ್ಲೊಂದೇ ಕಡೆ ನೀರು ಸುರಿಯಿತು. ಅಲ್ಲೊಂದು ಕೊಳಗ ಇಟ್ಟರು.

ಬಿಚ್ಚಿದ್ದು

ಹದಿನಾರನೇ ದಿನ ಚಪ್ಪರ ಇಳಿಸಿದೆವು. ಹುರಿಯ ಕಟ್ಟುಗಳನ್ನು ಕತ್ತರಿಸದೆ ಬಿಚ್ಚಿ ಸುತ್ತಿಟ್ಟೆವು, ಇನ್ನೊಂದು ಸಲಕ್ಕೆ ಆಗುತ್ತವೆ. ಸರ್ವೆ ಕಂಬ ಮಾವನ ಊರಿಗೆ ಹೋದವು. ಹೆಣೆದ ಗರಿ ಕೊಟ್ಟಿಗೆಯ ಮಾಡಿಗೆ. ಸೊಪ್ಪು ತೆಂಗಿನ ಬುಡಕ್ಕೆ. ಬಾಳೆಕಂಬವನ್ನು ಗೆಡ್ಡೆ ಸಮೇತ ಹಿತ್ತಲಲ್ಲಿ ನೆಟ್ಟಿದ್ದೇವೆ. ಹಾಲುಗಂಬವನ್ನು ನಮ್ಮ ಮನೆಯಲ್ಲಿ ಕೀಳುವುದಿಲ್ಲ, ಅದು ಅಲ್ಲೇ ಇದೆ.

ಚಿಕ್ಕಪ್ಪನ ದೊಡ್ಡ ಮಗನಿಗೆ ಮಾಘದಲ್ಲಿ ಮದುವೆ ಅಂತ ಮಾತಾಗಿದೆ. ಆಗ ಇದೇ ಚಪ್ಪರ ನಡೆಯುವುದಿಲ್ಲ. ಆ ಹೊತ್ತಿಗೆ ಹೊಂಗೆ ಎಲೆ ಉದುರಿಸಲು ಶುರು ಮಾಡಿರುತ್ತದೆ, ಮಲ್ಲಿಗೆಯ ಸುಗ್ಗಿ ಇನ್ನೂ ಬಂದಿರುವುದಿಲ್ಲ. ಆದರೆ ಮಳೆ ಇಲ್ಲ, ಟಾರ್ಪಾಲು ಬೇಡ. ಕಬ್ಬು ಎದೆಮಟ್ಟ ದಾಟಿರುತ್ತದೆ. ಕಂಬಕ್ಕೆ ಜಲ್ಲೆ ಕಟ್ಟಬಹುದು, ಸೇವಂತಿಗೆ ಸಿಗುತ್ತದೆ, ಊಟಕ್ಕೆ ಅವರೆಕಾಳು. ನಿನ್ನೆ ಸಂಜೆ ಚಿಕ್ಕಪ್ಪ ಕಣದಲ್ಲಿ ಹೆಜ್ಜೆ ಹಾಕಿ ಅಳೆಯುತ್ತಿದ್ದರು. ಟೇಪು ತಗೊಂಡು ನಾನೂ ಹೋದೆ.